ಮಂಗಮ್ಮನ ಕೆನ್ನೆಯ ಕಾವಲು

ಮೇಲೂರು, ೧೪-೧೧-೨೦೨೪, ಗುರುವಾರ

ನನ್ನ ಪತ್ನಿಯಾದ ಮಂಗಮ್ಮನ ಕೆನ್ನೆಯಿಂದ ತೆಗೆದ ಗಡ್ಡೆಯ ವರದಿ ಇಂದು ಕೈಸೇರಿತು. ರಕ್ತದೊಡನೆ ಅಲೆಯದೆ ಮಾಂಸದಲ್ಲಿಯೇ ನೆಲೆನಿಂತು, ಒಮ್ಮೆ ಕಂಡ ಶತ್ರುವನ್ನು ಮರೆಯದೆ ಕ್ಯಾನ್ಸರಿನೊಡನೆ ಹೋರಾಡುವ ಜೀವಕೋಶಗಳು ಉಂಟೆಂದೂ, ಇವಳಲ್ಲಿ ಅವು ತೀರ ವಿರಳವೆಂದೂ ಡಾಕ್ಟರು ನನಗೊಬ್ಬನಿಗೇ ತಿಳಿಸಿದರು. ಪರರ ಸಂಕಟವನ್ನು ತಹಸೀಲ್ದಾರರ ಮನ ಕರಗುವಂತೆ ಅರ್ಜಿಯಲ್ಲಿ ನಿರೂಪಿಸುತ್ತಿದ್ದ ನನಗೆ, ಇದನ್ನು ಅವಳಿಗೆ ಅರುಹಲು ಒಂದು ವಾಕ್ಯವೂ ಹೊಳೆಯಲಿಲ್ಲ.

ಮರಳುವಾಗ ಬಸ್ಸಿನಲ್ಲಿ, ಆ ಜೀವಕೋಶಗಳು ಊರು ಬಿಟ್ಟು ಕದಲದೆ ಕಾವಲು ಕಾಯುವ ತಳವಾರರಂತೆ ಎಂದಷ್ಟೇ ಅವಳಿಗೆ ವಿವರಿಸಿದೆ.

“ಅವಾದ್ರೂ ಮನೇಲಿರ್ತವಲ್ಲ. ನೀವು ಯಾವತ್ತಿದ್ರಿ?” ಎಂದು ನಕ್ಕಳು. ಬಾಯಿ ಪೂರ್ತಿ ತೆರೆಯಲಿಲ್ಲ. “ಎಷ್ಟವೆಯಂತೆ?”

“ಬೇಕಾದಷ್ಟು.”

“ಸುಳ್ಳನ್ನ ಬರೆಯಕ್ಕೆ ಬರ್ತದೆ ನಿಮ್ಗೆ. ಹೇಳಕ್ಕೆ ಬರಲ್ಲ ಬಿಡಿ.”

ಅನಂತರ ಊರು ಬರುವವರೆಗೂ ಅವಳು ಕಿಟಕಿಯ ಹೊರಗೇ ನೋಡುತ್ತಿದ್ದಳು. ನಾನು ಅವಳ ಕೆನ್ನೆಯನ್ನು ನೋಡುತ್ತಿದ್ದೆ.