ಗಂಟೆ ಬಾರಿಸದ ಮಾತು

ಬಾಟ್ ಮೇಷ್ಟ್ರಿಗೆ ನಮಸ್ಕಾರ,

ನಮ್ಮ ಹಲ್ಲಿನ ಆಸ್ಪತ್ರೆಗೆ ನೀವು ಮಾಡಿಕೊಟ್ಟಿದ್ದ ಚಾಟ್‌ಬಾಟನ್ನು ಈ ವಾರ ತೆಗೆದುಹಾಕುತ್ತಾರೆ. ಅದಕ್ಕೆ ನಿಮ್ಮ ಪಾಸ್‌ವರ್ಡ್ ಬೇಕಂತೆ. ಕೇಳಲೆಂದೇ ಈ ಪತ್ರ.

ಬಾಟನ್ನು ಪರೀಕ್ಷಿಸಲು ನಾವು ಬಳಸುತ್ತಿದ್ದ ಚಾಟನ್ನು ನಿನ್ನೆ ಮೇಲಿನವರೆಗೂ ಎಳೆದು ನೋಡಿದೆ. ಅದರಲ್ಲಿ ಡಾಕ್ಟರೂ ಇದ್ದರಲ್ಲ, ಹೊಸ ಸಂದೇಶ ಹೋದರೆ ಅವರ ಕೈಲಿದ್ದ ಆಸ್ಪತ್ರೆಯ ಫೋನು ಗಂಟೆ ಬಾರಿಸುತ್ತಿತ್ತು. "ಕೆಲಸ ಬಿಟ್ಟು ಹರಟೆ ಹೊಡೀತೀರಾ?" ಎಂದು ಒಳಗಿನಿಂದಲೇ ಕೂಗುತ್ತಿದ್ದರು. ಕಳಿಸಿದ್ದನ್ನು ತಿದ್ದಿದರೆ ಮಾತ್ರ ಸದ್ದಿಲ್ಲ. ಅದನ್ನು ಕಂಡುಹಿಡಿದವರು ನೀವೇ. "ಹಲ್ಲುನೋವಿಗೆ ಯಾವಾಗ ಬರಲಿ?" ಎಂಬ ನಿಮ್ಮ ಹಳೆಯ ಸಂದೇಶ "ಕಾಫಿಗೆ ಯಾವಾಗ ಬರಲಿ?" ಎಂದಾಗುತ್ತಿತ್ತು. ಬಾಟಿನ ತಪ್ಪು ತಿದ್ದಲೆಂದು ನೀವು ನನಗೆ ಅನುಮತಿ ಕೊಟ್ಟಿದ್ದಿರಲ್ಲ, ಅದು ಕೊಟ್ಟ ಉತ್ತರವನ್ನು ನಾನು "ಐದಕ್ಕೆ" ಎಂದು ತಿದ್ದುತ್ತಿದ್ದೆ. ಓದಿದ ಕೂಡಲೇ ಇಬ್ಬರೂ ಮೊದಲಿನಂತೆ ಮಾಡಿಬಿಡುತ್ತಿದ್ದೆವು. ಒಮ್ಮೆ ಬಾಟಿನ ಉತ್ತರ ತಿದ್ದಿ ನಿಮಗೆಂದು ಬರೆದ "ಮೋಡ ಕಟ್ಟಿದೆ, ಛತ್ರಿ ಮರೀಬೇಡಿ" ಹಾಗೇ ಉಳಿದು ಡಾಕ್ಟರ ಕಣ್ಣಿಗೆ ಬಿತ್ತು. "ಪರವಾಗಿಲ್ಲ ಕಣ್ರೀ, ನಿಮ್ಮ ಬಾಟು ಮಳೆನೂ ಹೇಳುತ್ತೆ!" ಎಂದು ಡಾಕ್ಟರು ಛತ್ರಿ ಹಿಡಿದು ಹೊರಟರು. ನೀವು ನೆನೆದುಕೊಂಡು ಬಂದಿರಿ.

ಈಗ ಅಲ್ಲಿ ಬರೀ ಹಲ್ಲುನೋವು ಉಳಿದಿದೆ. ಅದರ ಕೆಳಗೆ ಸಣ್ಣಗೆ "ತಿದ್ದಲಾಗಿದೆ" ಎಂದಿದೆ. ನಾವು ಆಡಿದ ಅಷ್ಟೂ ಮಾತಿಗೆ ಗುರುತು ಅದೊಂದೇ.

ಪಾಸ್‌ವರ್ಡನ್ನು ಅದೇ ಚಾಟಿಗೆ ಕಳಿಸಿ. ಹಳೆಯದನ್ನು ತಿದ್ದಬೇಡಿ, ಹೊಸದಾಗಿಯೇ ಬರೆಯಿರಿ. ಡಾಕ್ಟರು ನಿವೃತ್ತರಾದರು, ಆ ಫೋನು ಈಗ ನನ್ನ ಮೇಜಿನ ಮೇಲಿದೆ. ಗಂಟೆ ಬಾರಿಸಲಿ.

ಇತಿ,
ಈಗಲೂ ಐದಕ್ಕೇ ಬಿಡುವಾಗುವ
ರಿಸೆಪ್ಷನ್ನಿನವಳು