ಗೋದಲಿಯ ಅಡಿಯಲ್ಲಿ ಸಿಕ್ಕ ನಾಲ್ಕು ಚೀಟಿ

ಮರಗೆಲಸದ ಕೋಣೆಯಿಂದ,
ಡಿಸೆಂಬರ್ ೯, ಮಂಗಳವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಮೊಣಕಾಲು ನೋವು ಕಡಿಮೆಯಾಯಿತೇ? ಅತ್ತಿಗೆಯ ಕೆಮ್ಮು ನಿಂತಿತೇ? ಚಳಿ ಶುರುವಾದರೆ ಅವರದು ಯಾವಾಗಲೂ ಅದೇ ಪಾಡು. ಬಿಸಿನೀರನ್ನೇ ಕುಡಿಯಬೇಕೆಂದು ಹೇಳು. ನೀನು ಹೇಳಿದರೆ ಕೇಳುವುದಿಲ್ಲ, ನಾನು ಹೇಳಿದೆನೆಂದು ಹೇಳು. ನಾನು ಗಟ್ಟಿಯಾಗಿದ್ದೇನೆ. ನೀನೇ ಇಟ್ಟ ಹೆಸರಲ್ಲವೇ ಮೊಳೆ ಎಂದು, ತಲೆಯ ಮೇಲೆ ಎಷ್ಟು ಬಡಿದರೂ ಒಳಗೆ ಇಳಿಯುತ್ತೇನೆಯೇ ಹೊರತು ಮುರಿಯುವುದಿಲ್ಲ. ಕೈತುಂಬ ಕೆಲಸವೂ ಇದೆ. ಶಾಲೆಯೊಂದಕ್ಕೆ ನಲವತ್ತು ಬೆಂಚು ಹಬ್ಬದೊಳಗೆ ಮುಗಿಸಿಕೊಡಬೇಕು. ಅಪ್ಪ ಹೋದ ಮೇಲೆ ಇದು ಮೊದಲ ಕ್ರಿಸ್‌ಮಸ್. ಅವರ ಕುರ್ಚಿ ಇನ್ನೂ ಬಾಗಿಲ ಪಕ್ಕದಲ್ಲೇ ಇದೆ. ದಿನಾ ಬೆಳಿಗ್ಗೆ ಅದರ ಮೇಲಿನ ಮರದ ಹೊಟ್ಟು ಒರೆಸುತ್ತೇನೆ, ಆಮೇಲೆ ಯಾರಿಗೋಸ್ಕರ ಒರೆಸಿದೆ ಎಂದು ನನ್ನನ್ನೇ ಬೈದುಕೊಳ್ಳುತ್ತೇನೆ.

ಹಬ್ಬಕ್ಕೆ ಬಾಲಯೇಸುವನ್ನು ಮಲಗಿಸುವ ನಮ್ಮ ಮರದ ಗೋದಲಿ ಕಳಿಸು ಎಂದು ಫೋನಿನಲ್ಲಿ ಕೇಳಿದ್ದೆಯಲ್ಲ, ಅದಕ್ಕೆ ಉತ್ತರ ಇದು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಸಕ್ಕರೆಯಂಥ ಮಾತಾಡಿ ನನ್ನ ಬಾಯಿ ಕಟ್ಟಿಬಿಡುತ್ತೀಯ, ಅದು ನಿನಗೆ ಹುಟ್ಟಿನಿಂದ ಬಂದ ವಿದ್ಯೆ. ಅವತ್ತು ಎಷ್ಟು ಚೆಂದ ಮಾತಾಡಿದೆ! ಅಪ್ಪನ ಕೈಯ ಗುರುತು, ನಮ್ಮ ಬಾಲ್ಯದ ಆಸ್ತಿ, ಮಕ್ಕಳು ಮುಟ್ಟಿ ನೋಡಲಿ ಎಂದೆಲ್ಲ ಹೇಳಿದೆ. ಆಮೇಲೆ ಮಗಳ ಕೈಗೆ ಫೋನ್ ಕೊಟ್ಟೆ. ಅವಳು ಪಟಪಟ ಮಾತಾಡಿದಳು. ನಿಮ್ಮ ಮನೆಯಲ್ಲೂ ಹಬ್ಬದ ಹಿಂದಿನ ದಿನ ಎಲ್ಲರೂ ಚೀಟಿ ಬರೆಯುತ್ತೀರಂತೆ. ಕೊನೆಗೆ ಕೇಳಿದಳು: "ಅತ್ತೆ, ಗೋದಲಿಯ ಮೇಲಿನ ಮಾಡು ಒಂದು ಕಡೆ ಕಪ್ಪಗಿದೆಯಂತಲ್ಲ. ಮೇಣದಬತ್ತಿ ಬಿದ್ದು ಸುಟ್ಟಿದ್ದಂತೆ, ಹೌದಾ?" ನಾನು ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಫೋನ್ ಇಟ್ಟುಬಿಟ್ಟೆ. ಮೇಣದಬತ್ತಿಯಂತೆ. ಮಕ್ಕಳಿಗೆ ಹೇಳುವುದಕ್ಕೂ ನಿನಗೆ ಇನ್ನೊಂದು ಸುಳ್ಳು ಬೇಕಾಯಿತು.

ಆ ಚೀಟಿಯ ಪದ್ಧತಿ ಅಪ್ಪನದು. ಬೇರೆ ಮನೆಗಳಲ್ಲಿ ನಕ್ಷತ್ರ ತೂಗುಹಾಕಿ, ಹಾಡು ಹಾಡಿ, ಕೇಕು ತಿಂದರೆ ಹಬ್ಬ ಮುಗಿಯುತ್ತಿತ್ತು. ನಮ್ಮಲ್ಲಿ ಅದಕ್ಕೂ ಮೊದಲು ಆ ವರ್ಷ ಮನೆಯವರಿಗೆ ಮಾಡಿದ ಒಂದು ತಪ್ಪನ್ನು ಚೀಟಿಯಲ್ಲಿ ಬರೆದು, ಮಡಚಿ, ಬಾಲಯೇಸುವಿನ ಕೆಳಗೆ ಇಡಬೇಕಿತ್ತು. ಗೋದಲಿಗೆ ನಾವು ಹುಲ್ಲು ಹಾಕುತ್ತಿರಲಿಲ್ಲ. ಬಡಗಿಯ ಮನೆ, ಉಜ್ಜುಗೊರಡಿನಿಂದ ಮರ ಕೀಸುವಾಗ ಬಿದ್ದ ಸುರುಳಿ ಸಿಪ್ಪೆಯನ್ನೇ ಹಾಸುತ್ತಿದ್ದೆವು. ಹಬ್ಬ ಕಳೆದು ಗೋದಲಿ ಬಿಚ್ಚುವ ದಿನ ಸಿಪ್ಪೆಯ ಜೊತೆ ಚೀಟಿಗಳನ್ನೂ ಅಪ್ಪ ಓದದೆ ಒಲೆಗೆ ಹಾಕುತ್ತಿದ್ದರು. ಒಮ್ಮೆ ಬರೆದಿಟ್ಟ ತಪ್ಪಿನ ಬಗ್ಗೆ ಯಾರೂ ಯಾರನ್ನೂ ಕೇಳುವಂತಿಲ್ಲ. "ಬರೆದವನಿಗೆ ಗೊತ್ತು, ಮಗುವಿಗೆ ಗೊತ್ತು, ಒಲೆಗೆ ಗೊತ್ತು. ಅಷ್ಟು ಸಾಕು" ಎನ್ನುತ್ತಿದ್ದರು. ಎಷ್ಟು ಒಳ್ಳೆಯ ಪದ್ಧತಿ ಎಂದು ಕಳೆದ ವಾರದವರೆಗೂ ನಾನು ನಂಬಿಕೊಂಡಿದ್ದೆ. ತಪ್ಪು ಬಚ್ಚಿಡುವವನಿಗೆ ಅದಕ್ಕಿಂತ ಒಳ್ಳೆಯ ಬೀಗ ಸಿಗಲಾರದು ಎಂದು ಈಗ ಗೊತ್ತಾಗಿದೆ.

ಈ ಮರಗೆಲಸದ ಕೋಣೆಗೆ ಬೆಂಕಿ ಬಿದ್ದ ದಿನ ನಿನಗೆ ನೆನಪಿದೆ, ಆದರೂ ಬರೆಯುತ್ತೇನೆ. ನನಗೆ ಹದಿನೈದು, ನಿನಗೆ ಹದಿನೆಂಟು. ಹಬ್ಬಕ್ಕೆ ಎರಡು ವಾರವಿತ್ತು. ಅಂಟು ಕಾಯಿಸುವ ಒಲೆ ಆರಿಸಿ ಬಾ ಎಂದು ನಿನಗೆ ಹೇಳಿ ಅಪ್ಪ ಮನೆಗೆ ಬಂದರು. ಸಂಜೆ ಕರೆಂಟ್ ಇರಲಿಲ್ಲ. ನಾನು ಲಾಂದ್ರ ಹಿಡಿದು ಸಿಪ್ಪೆ ತರಲು ಇಲ್ಲಿಗೆ ಬಂದೆ. ಎರಡು ತೋಳಿನ ತುಂಬ ಸಿಪ್ಪೆ ಅಪ್ಪಿಕೊಂಡ ಮೇಲೆ ಲಾಂದ್ರ ಹಿಡಿಯಲು ಕೈ ಇರಲಿಲ್ಲ, ಬೆಂಚಿನ ಮೇಲೆ ಬಿಟ್ಟು ಮನೆಗೆ ಹೋದೆ. ಒಲೆ ಹಲಗೆಯ ರಾಶಿಯ ಹಿಂದಿತ್ತು, ನಾನು ನೋಡಲಿಲ್ಲ. ವಾಪಸ್ ಬರುವಷ್ಟರಲ್ಲಿ ಕಿಟಕಿಯಿಂದ ಹೊಗೆ. ಬಣ್ಣ ಹಚ್ಚಲೆಂದು ಇಟ್ಟಿದ್ದ ಗೋದಲಿ ಒಳಗಿತ್ತು, ಅದನ್ನು ತರಲು ಅಪ್ಪ ಒಳಗೆ ನುಗ್ಗಿದರು. ಗೋದಲಿಯ ಮಾಡಿನ ಮೂಲೆ ಸುಟ್ಟಿತು, ಅಪ್ಪನ ಬಲಗೈ ಸುಟ್ಟಿತು. ಕೊನೆಯದಾಗಿ ಒಳಗಿದ್ದದ್ದು ಯಾರು ಎಂದು ಅಪ್ಪ ಕೇಳಿದಾಗ ನೀನು ನೀರಿನ ಡ್ರಮ್ಮಿನ ಪಕ್ಕ ನಿಂತಿದ್ದೆ. "ಒಲೆ ಆರಿಸೇ ಹೋಗಿದ್ದೆ" ಎಂದೆ. ಹಾಗಾದರೆ ಉಳಿದದ್ದು ಲಾಂದ್ರ ಒಂದೇ. ನಾನೇ ಎಂದೆ. ನನಗೂ ಅದು ನಿಜವೆಂದೇ ಅನ್ನಿಸಿತ್ತು.

ಅಪ್ಪ ಒಂದು ಏಟು ಹೊಡೆಯಲಿಲ್ಲ, ಹೊಡೆಯಲು ಕೈಯೂ ಇರಲಿಲ್ಲ. "ಹೋಗಲಿ ಬಿಡು ಮಗಳೇ, ಬೇಕಂತ ಮಾಡಿದ್ದಾ ನೀನು?" ಎಂದರು. ಈ ಮಾತನ್ನು ಮೂವತ್ತನಾಲ್ಕು ವರ್ಷ ಕೇಳಿದ್ದೇನೆ ಅಣ್ಣಾ. ಮಡಚಿಕೊಂಡ ಬೆರಳಿನಿಂದ ಉಳಿ ಜಾರಿದಾಗ, ಅಂಗಿಯ ಗುಂಡಿ ಹಾಕಲಾಗದಾಗ, ಊಟದ ತಟ್ಟೆ ಕೆಡವಿದಾಗ, ಪ್ರತಿ ಸಲವೂ ಹೋಗಲಿ ಬಿಡು. ಅಷ್ಟು ದೊಡ್ಡ ಮನಸ್ಸಿನ ಮುಂದೆ ನಾನೇನು ಮಾಡಲಿ? ಶಾಲೆ ಬಿಟ್ಟೆ, ಅವರ ಬಲಗೈ ಆದೆ. ಅವರು ಕುರ್ಚಿಯಲ್ಲಿ ಕೂತು ಬಾಯಲ್ಲಿ ಹೇಳುವರು, ನಾನು ಕೊಯ್ಯುವೆ, ಕೀಸುವೆ, ಕೂರಿಸುವೆ. ಹುಡುಗಿ ಮಾಡಿದ ಬಾಗಿಲು ಎಂದು ಗಿರಾಕಿಗಳು ಮೂಗೆಳೆದು, ತಟ್ಟಿ ನೋಡಿ, ಆಮೇಲೆ ಸುಮ್ಮನೆ ಒಯ್ದರು. ಒಬ್ಬರಾದರೂ ಓದಲಿ ಎಂದು ನಿನ್ನನ್ನು ಕಳಿಸಿದರು. ನೀನು ಕಟ್ಟಡದ ನಕ್ಷೆ ಬರೆಯುವವನಾದೆ. "ನಕ್ಷೆ ಅವನದು, ಮರ ನಿನ್ನದು" ಎಂದು ಅಪ್ಪ ನಗುತ್ತಿದ್ದರು. ಎರಡು ಸಂಬಂಧ ಬಂದಾಗಲೂ ನಾನೇ ಬೇಡವೆಂದೆ. ಅಮ್ಮನೂ ಇಲ್ಲದ ಮನೆಯಲ್ಲಿ ಅಪ್ಪನ ಗುಂಡಿ ಹಾಕುವವರು ಯಾರು? ತ್ಯಾಗವೆಂದು ಯಾರಾದರೂ ಹೊಗಳಿದರೆ ನನಗೆ ನಾಚಿಕೆಯಾಗುತ್ತಿತ್ತು. ನಾನು ತೀರಿಸುತ್ತಿದ್ದದ್ದು ತಪ್ಪಿನ ಋಣ, ತ್ಯಾಗ ಎಲ್ಲಿಂದ ಬಂತು?

ಕಳೆದ ಗುರುವಾರ ನಿನಗೆ ಕಳಿಸಲೆಂದೇ ಗೋದಲಿ ಇಳಿಸಿದೆ. ಅಷ್ಟು ದೂರ ಹೋಗುವ ಸಾಮಾನು, ಕಾಲು ಅಲ್ಲಾಡುತ್ತಿದೆಯಲ್ಲ ಎಂದು ತಿರುವಿಹಾಕಿ ಅಡಿಯ ಹಲಗೆ ಬಿಚ್ಚಿದೆ. ಬೆಂಕಿಯ ಕಾವಿಗೆ ಗೋದಲಿಯ ನೆಲದ ಹಲಗೆಗಳು ಒಣಗಿ ನಡುವೆ ಸಂದು ಬಿಟ್ಟಿತ್ತಲ್ಲ, ಹಬ್ಬ ಕಳೆದ ಮೇಲೆ ನಾನೇ ಮೇಲಿನಿಂದ ಪಟ್ಟಿ ಹೊಡೆದು ಮುಚ್ಚಿದ್ದೆ. ಆ ವರ್ಷ ಅಪ್ಪನ ಕೈಗೆ ಬ್ಯಾಂಡೇಜು, ಗೋದಲಿ ಬಿಚ್ಚಿದ್ದು ಅಮ್ಮ. ಸಿಪ್ಪೆಯ ಜೊತೆ ಚೀಟಿಯೂ ಒಲೆಗೆ ಹೋಯಿತೆಂದು ಪಾಪ ಅವಳು ತಿಳಿದಿರಬೇಕು. ಹೋಗಿರಲಿಲ್ಲ. ನಾಲ್ಕೂ ಸಂದಿನಲ್ಲಿ ಇಳಿದು ಕೆಳಗೆ ಕೂತಿದ್ದವು. ಓದಬಾರದು ಎಂಬುದು ನನಗೂ ಗೊತ್ತು. ಓದಿದೆ.

ಅಮ್ಮ ಬರೆದದ್ದು, ಪಕ್ಕದ ಮನೆಯವಳ ಕೇಕು ಚೆನ್ನಾಗಿದ್ದರೂ ಮಕ್ಕಳೆದುರು ಹೊತ್ತಿದೆ ಎಂದೆ ಎಂದು. ಅಷ್ಟರಲ್ಲೂ ನಗು ಬಂತು. ನನ್ನದರಲ್ಲಿ, ಅಪ್ಪನ ಕೈ ಸುಟ್ಟವಳು ನಾನು. ನಿನ್ನ ಅಕ್ಷರ ಆಗಲೂ ನಕ್ಷೆಯ ಹಾಗೆ ಒಪ್ಪವಾಗಿತ್ತು: "ಒಲೆ ಆರಿಸಲಿಲ್ಲ. ಆರಿಸಿದೆ ಅಂತ ಸುಳ್ಳು ಹೇಳಿದೆ. ಒಲೆಯ ಪಕ್ಕದ ಗೋಣಿಗೆ ಬೆಂಕಿ ಹತ್ತಿದ್ದು ಕಿಟಕಿಯಿಂದ ನೋಡಿ ಹೆದರಿ ಓಡಿದೆ. ತಂಗಿಯ ಲಾಂದ್ರ ಬೆಂಚಿನ ಮೇಲೆ ನೆಟ್ಟಗೆ ನಿಂತಿತ್ತು." ಎಷ್ಟು ಪ್ರಾಮಾಣಿಕ ಹುಡುಗ! ಲಾಂದ್ರ ನೆಟ್ಟಗಿತ್ತೆಂಬುದನ್ನೂ ಬಿಡಲಿಲ್ಲ. ಬರೆದೆ, ಮಡಚಿದೆ, ಮಗುವಿನ ಕೆಳಗಿಟ್ಟೆ, ಕೈತೊಳೆದುಕೊಂಡೆ. ಅವತ್ತು ಹಾಡುವಾಗ ನಿನ್ನ ದನಿಯೇ ಎಲ್ಲರಿಗಿಂತ ಜೋರಾಗಿತ್ತು.

ಇದನ್ನಾದರೂ ನುಂಗಿಕೊಳ್ಳುತ್ತಿದ್ದೆನೇನೋ. ನಾಲ್ಕನೆಯದು ಅಪ್ಪನದು. ಮೊದಲ ಸಲ ಎಡಗೈಯಲ್ಲಿ ಬರೆದ ಅಕ್ಷರ, ಕೋಳಿ ಕೆದಕಿದ ಹಾಗಿದೆ. "ಬಿಡು ಅಂತ ಮಗಳಿಗೆ ಬಾಯಲ್ಲಿ ಹೇಳಿದೆ. ಮನಸ್ಸು ಬಿಡುತ್ತಿಲ್ಲ. ಅವಳ ಮುಖ ನೋಡಿದರೆ ಕೈ ಉರಿಯುತ್ತದೆ." ದಿನಾ ನನ್ನ ಮುಖವನ್ನೇ ನೋಡಿಕೊಂಡು ಬದುಕಿದರಲ್ಲ ಅಣ್ಣಾ. ಆಮೇಲೆ ಯಾವತ್ತಾದರೂ ಆ ಉರಿ ಆರಿತೋ ಇಲ್ಲವೋ, ಕೇಳೋಣವೆಂದರೆ ಈಗ ಅವರಿಲ್ಲ. ಆಸ್ಪತ್ರೆಯಲ್ಲಿ ಕೊನೆಯ ದಿನವೂ ನನ್ನ ಕೈ ಹಿಡಿದು ಹೋಗಲಿ ಬಿಡು ಎಂದರು. ಬಾಯಲ್ಲಿ ಹೇಳಿದ್ದೋ, ಮನಸ್ಸಿನಲ್ಲೋ? ನಿನಗೆ ಸೇರಬೇಕಾದ ಸಿಟ್ಟನ್ನು ಇಷ್ಟು ವರ್ಷ ನಾನು ಉಂಡೆ. ಅವರು ಸಾಯುವ ಮುಂಚೆ ಒಂದು ಮಾತು, ಒಂದೇ ಒಂದು ಮಾತು ನೀನು ಹೇಳಿದ್ದರೆ ನನ್ನ ಮುಖವನ್ನು ಅವರು ಒಮ್ಮೆಯಾದರೂ ಉರಿಯಿಲ್ಲದೆ ನೋಡುತ್ತಿದ್ದರು. ಅದನ್ನು ನೀನು ಈಗ ಎಲ್ಲಿಂದ ತಂದುಕೊಡುತ್ತೀಯ?

ಗೋದಲಿ ಕಳಿಸುತ್ತಿದ್ದೇನೆ. ಮಕ್ಕಳ ಮೇಲೆ ನನಗೇನು ಸಿಟ್ಟು? ಕಾಲು ಗಟ್ಟಿ ಮಾಡಿದ್ದೇನೆ, ಕುರಿಯ ಕಿವಿ ಅಂಟಿಸಿದ್ದೇನೆ. ಮಗುವನ್ನು ನೋಡಲು ಬಂದ ಮೂವರು ಜ್ಞಾನಿಗಳಲ್ಲಿ ಮಾತ್ರ ಇಬ್ಬರೇ ಬರುತ್ತಾರೆ. ಎಲ್ಲವೂ ಅಪ್ಪ ಕೆತ್ತಿದ್ದು ಎಂದು ಮಕ್ಕಳಿಗೆ ಹೇಳಿದ್ದೀಯಂತೆ. ಮೂರನೆಯವನನ್ನು ಕೆತ್ತುವ ಮೊದಲೇ ಅಪ್ಪನ ಕೈ ಹೋಗಿತ್ತು. ಸೊಟ್ಟ ಮೂಗಿನ ಆ ಜ್ಞಾನಿ ನನ್ನ ಮೊದಲ ಕೆಲಸ. ಅವನು ನನ್ನ ಹತ್ತಿರವೇ ಇರಲಿ.

ಅತ್ತಿಗೆಗೆ ನನ್ನ ನೆನಪು ಹೇಳು. ಮಕ್ಕಳಿಗೆ ಹಬ್ಬದ ಆಶೀರ್ವಾದ, ದೇವರು ಅವರನ್ನು ಚೆನ್ನಾಗಿಟ್ಟಿರಲಿ. ನಿನಗೂ ಏನಾದರೂ ಹಾರೈಸಬೇಕೆಂದು ಪೆನ್ನು ಹಿಡಿದು ಕೂತೆ, ಬರಲಿಲ್ಲ.

ನಿನ್ನ ತಂಗಿ,
ಮೊಳೆ

ಮರೆತಿದ್ದೆ: ಅಮ್ಮನ ಚೀಟಿಯನ್ನೂ ನನ್ನದನ್ನೂ ಒಲೆಗೆ ಹಾಕಿದೆ. ಅಪ್ಪನದು ನನ್ನ ಹತ್ತಿರ ಇದೆ. ನಿನ್ನದು ಎಲ್ಲಿರಬೇಕಿತ್ತೋ ಅಲ್ಲೇ, ಸಿಪ್ಪೆಯೊಳಗೆ, ಮಗುವಿನ ಕೆಳಗೆ ಇದೆ. ಪೆಟ್ಟಿಗೆಯ ಮೇಲೆ ನಿನ್ನ ಮಗಳ ಹೆಸರು ಬರೆದಿದ್ದೇನೆ, ತಾನೇ ಬಿಚ್ಚಬೇಕೆಂದು ಫೋನಿನಲ್ಲಿ ಆಸೆಪಟ್ಟಿದ್ದಳು. ಪಾರ್ಸೆಲ್ ಈ ಪತ್ರಕ್ಕಿಂತ ಮೂರು ದಿನ ತಡವಾಗಿ ತಲುಪುತ್ತದಂತೆ. ಮಾಡಿನ ಮೂಲೆ ಹೇಗೆ ಸುಟ್ಟಿತೆಂದು ಅಷ್ಟರೊಳಗೆ ಅವಳಿಗೆ ನೀನೇ ಹೇಳು.