ಬರೆಸದೆ ಉಳಿದ ಹೆಸರು

ತಮ್ಮಯ್ಯಾ,

ನಿನ್ನ ಕಂಬಳಿ ಯಾರಿಗಾದರೂ ಆಗಲಿ ಎಂದು ಇವತ್ತು ಡಯಾಲಿಸಿಸ್ ಕೋಣೆಗೆ ಒಯ್ದಿದ್ದೆ. ಕಿಟಕಿ ಪಕ್ಕದ ನಿನ್ನ ಹಾಸಿಗೆಯಲ್ಲಿ ಈಗ ಒಬ್ಬ ದರ್ಜಿ ಇದ್ದಾನೆ. ನಿನ್ನಂತೆಯೇ ನರ್ಸಮ್ಮನನ್ನು ಗೋಳುಹೊಯ್ದುಕೊಳ್ಳುತ್ತಾನೆ.

"ಇಲ್ಲಿ ನನ್ನ ತಮ್ಮ ಮಲಗ್ತಿದ್ದ. ನೀನು ಕಿಡ್ನಿ ಕಸಿಗೆ ಹೆಸರು ಬರೆಸಿದೀಯಾ?" ಎಂದೆ.

"ವಾರಕ್ಕೆ ಮೂರು ಸಲ ಬರ್ತೀನಲ್ಲಕ್ಕಾ, ಸರದೀಲೇ ಇದ್ದೀನಿ."

ನಾವೂ ನಾಲ್ಕು ವರ್ಷ ಹಾಗೆಯೇ ನಂಬಿದ್ದೆವು. "ಹೊಸ ಕಿಡ್ನಿ ಬಂದ ದಿನ ಒಂದು ಚೊಂಬು ನೀರು ಗಟಗಟ ಕುಡೀತೀನಿ, ತಡೆಯೋಕೆ ಬಂದ್ರೆ ನೋಡು" ಎಂದು, ದಿನಕ್ಕೆ ಅಳೆದ ನೀರಷ್ಟೇ ಕುಡಿಯಬೇಕಿದ್ದ ನೀನು ಹೆದರಿಸುತ್ತಿದ್ದೆ, ನಾನು ನಗುತ್ತಿದ್ದೆ. ಕಸಿಗೆ ಬೇರೆಯೇ ಅರ್ಜಿ ಕೊಡಬೇಕೇನೋ ಎಂದು ಒಂದು ದಿನವೂ ಯಾರನ್ನೂ ಕೇಳಲಿಲ್ಲ. ಕೊಡಬೇಕಿತ್ತು ಎಂದು ಗೊತ್ತಾಗಿದ್ದು ನೀನು ಹೋದ ಮೇಲೆಯೇ.

ಅರ್ಜಿ ತರಿಸಿ, ಡಯಾಲಿಸಿಸ್ ಸೂಜಿ ಚುಚ್ಚಿರದ ಅವನ ಕೈಗೆ ಪೆನ್ನು ಕೊಟ್ಟೆ.

"ನಿಮ್ಮ ತಮ್ಮನಿಗೆ ಬೇಗ ಸಿಕ್ತಾ ಅಕ್ಕಾ?" ಎಂದ.

"ಮಾತು ಸಾಕು, ಮೊದಲು ಸಹಿ ಹಾಕು" ಎಂದು, ನಿನ್ನನ್ನು ಗದರುತ್ತಿದ್ದ ದನಿಯಲ್ಲೇ ಗದರಿದೆ.

ನಿನ್ನಕ್ಕ